ದೋಷವಿಲ್ಲದ ದನಿ

ಕೃಷ್ಣೆಯ ದಂಡೆಯ ಮೇಲೆ ಮೋನಪ್ಪಯ್ಯನವರ ಆಶ್ರಮವಿತ್ತು. ಅಲ್ಲಿ ಬೆಳಗಿನ ಪ್ರಾರ್ಥನೆಗೆ ಮೊದಲ ದನಿ ಎತ್ತುವವನು ಅಡಿವೆಪ್ಪ. ಏಳು ವರ್ಷಗಳಿಂದ ಅವನು ಎತ್ತಿದ ಶ್ರುತಿಯನ್ನೇ ಉಳಿದ ನಲವತ್ತು ಜನ ಹಿಡಿಯುತ್ತಿದ್ದರು.

ಒಂದು ದಿನ ಅವನು ಗುರುಗಳ ಮುಂದೆ ಬಂದು ಕೂತ.

“ಅಯ್ಯನವರೇ, ನನ್ನ ದನಿ ಕೆಟ್ಟಿದೆ.”

“ಏನಾಗಿದೆ?”

“ಹಾಡುವಾಗ ಗಂಟಲಲ್ಲಿ ನಾನಿರುವುದಿಲ್ಲ. ಮುಗಿದ ಮೇಲೆ ಗಂಟಲು ಬೇರೆ ಯಾರೋ ಕುಡಿದಿಟ್ಟ ಲೋಟದಂತಿರುತ್ತದೆ.”

“ಉಳಿದವರು ಏನನ್ನುತ್ತಾರೆ?”

“ಇಷ್ಟು ಚೆನ್ನಾಗಿ ನೀನು ಎಂದೂ ಹಾಡಿರಲಿಲ್ಲ ಅನ್ನುತ್ತಾರೆ. ಎಲ್ಲ ನಿನ್ನ ಭ್ರಮೆ ಅನ್ನುತ್ತಾರೆ.” ಅಡಿವೆಪ್ಪ ತಲೆ ತಗ್ಗಿಸಿದ. “ಬುದ್ಧಿ ಕೆಡುತ್ತಿದೆಯೇನೋ ಎಂದು ನನಗೆ ಭಯ.”

ಗುರುಗಳು ಎದ್ದು ಹೋಗಿ ಒಂದು ಮಡಕೆ ತಂದರು. ಅದರ ಬಾಯಿಗೆ ತೆಳ್ಳನೆಯ ತೊಗಲು ಬಿಗಿದಿತ್ತು, ಹೊಟ್ಟೆಯಲ್ಲೊಂದು ತೂತಿತ್ತು. ತೊಗಲ ಮೇಲೆ ನುಣ್ಣನೆಯ ಬೂದಿ ಉದುರಿಸಿ, “ತೂತಿಗೆ ಬಾಯಿಟ್ಟು ಹಾಡು” ಎಂದರು.

ಅಡಿವೆಪ್ಪ ಹಾಡಿದ. ಬೂದಿ ನಡುಗಿತು, ಸರಿಯಿತು, ಎಂಟು ದಳದ ಹೂವಾಗಿ ನಿಂತಿತು.

ಗುರುಗಳು ಹಳೆಯ ಕಾಗದವೊಂದನ್ನು ಬಿಡಿಸಿದರು. ಅವನು ಆಶ್ರಮಕ್ಕೆ ಬಂದ ವರ್ಷ ಇದೇ ಮಡಕೆಯ ಮೇಲೆ ಮೂಡಿದ ಹೂವನ್ನು ಅವರು ಬರೆದಿಟ್ಟುಕೊಂಡಿದ್ದರು. ಅಂದು ಎರಡು ದಳ ಸೊಟ್ಟಗಿದ್ದವು. ಇಂದು ಒಂದೂ ಸೊಟ್ಟಗಿರಲಿಲ್ಲ.

“ದನಿಯಲ್ಲಿ ದೋಷವಿಲ್ಲ.”

ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ.

ಗುರುಗಳು ಅಡುಗೆಯ ಸಂಗವ್ವನನ್ನು ಕರೆಸಿದರು. ಮುದುಕಿಯ ದನಿ ಸೀಳಿದ ಬಿದಿರಿನಂಥದ್ದು. ಅವಳು ತೂತಿಗೆ ಬಾಯಿಟ್ಟು ಒಂದು ಬೀಸುವ ಪದ ಹಾಡಿದಳು. ಬೂದಿ ಕೋಳಿ ಕೆದರಿದ ತಿಪ್ಪೆಯಂತಾಯಿತು.

“ಸಂಗವ್ವಾ, ನಿನ್ನ ದನಿಗೇನು ತೊಂದರೆ?”

“ನನ್ನ ದನಿಗೇನಾಗೇತಿ ಯಪ್ಪಾ? ಕರದರ ಎಮ್ಮಿ ಬರತೈತಿ.” ಅವಳು ಒಲೆಯ ಕಡೆ ಹೊರಟುಹೋದಳು.

ಅಡಿವೆಪ್ಪ ಕೇಳಿದ: “ಹಾಗಾದರೆ ಮಡಕೆ ಸುಳ್ಳು ಹೇಳುತ್ತದೆಯೇ?”

“ಇಲ್ಲ.”

“ಸಂಗವ್ವ?”

“ಇಲ್ಲ.”

“ನಾನು?”

ಗುರುಗಳು ಬೂದಿಯನ್ನು ಊದಿ ಹಾರಿಸಿದರು.

“ನಾಳೆ ನೀನು ಹಾಡಬೇಡ. ಬಾಯಿ ಮುಚ್ಚಿ ನನ್ನ ಪಕ್ಕ ಕೂತುಕೋ.”

“ಮೊದಲ ದನಿ ಯಾರು ಎತ್ತುತ್ತಾರೆ?”

“ನೋಡೋಣ.”

ಮರುದಿನ ಎಳೆಬಿಸಿಲು ಅಂಗಳಕ್ಕೆ ಇಳಿದಿತ್ತು. ನಲವತ್ತು ಜನ ಕಣ್ಣು ಮುಚ್ಚಿ ಕೂತಿದ್ದರು. ಮುಂದೆ ಅಡಿವೆಪ್ಪ ಕೂರುತ್ತಿದ್ದ ಚಾಪೆ ಖಾಲಿಯಿತ್ತು. ಅವನು ಎಲ್ಲರ ಹಿಂದೆ, ಗುರುಗಳ ಪಕ್ಕ, ತುಟಿ ಬಿಗಿದು ಕೂತ.

ಹೊತ್ತಿಗೆ ಸರಿಯಾಗಿ ದನಿ ಎದ್ದಿತು.

ಅದು ಅವನದೇ ದನಿ. ಖಾಲಿ ಚಾಪೆಯ ಮೇಲಿಂದ ಬರುತ್ತಿತ್ತು. ನುಣ್ಣಗೆ, ಕೂದಲೆಳೆಯಷ್ಟೂ ಅಲುಗದೆ ಬರುತ್ತಿತ್ತು. ನಲವತ್ತು ಜನ ಅದನ್ನೇ ಹಿಡಿದು ಹಾಡಿದರು. ಯಾರೂ ಕಣ್ಣು ತೆರೆಯಲಿಲ್ಲ. ಯಾರಿಗೂ ಯಾವ ಕೊರತೆಯೂ ಕಾಣಲಿಲ್ಲ.

ಅಡಿವೆಪ್ಪ ಗಂಟಲ ಮೇಲೆ ಕೈಯಿಟ್ಟುಕೊಂಡ. ಬೆರಳಡಿಯಲ್ಲಿ ದನಿಯ ಕಂಪನವೇ ಇರಲಿಲ್ಲ. ಗುರುಗಳ ಶಾಲಿನ ಅಂಚು ಹಿಡಿದುಕೊಂಡ.

“ಅಯ್ಯನವರೇ...”

ಒರಟು ದನಿ, ಅರ್ಧಕ್ಕೇ ಒಡೆಯಿತು. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ನೋಯಿತು.

“ಅಲ್ಲಿ ಹಾಡುತ್ತಿರುವುದು ಯಾರು?”

ಗುರುಗಳು ಚಾಪೆಯ ಕಡೆ ನೋಡಲಿಲ್ಲ. ಅವನ ಕಡೆ ತಿರುಗಿದರು.

“ಅದನ್ನು ಬಿಡು, ಅದಕ್ಕೇನೂ ನೋವಿಲ್ಲ. ಈಗ ಮಾತಾಡಿದವನು ಇಷ್ಟು ದಿನ ಎಲ್ಲಿದ್ದ?”