ದ್ಯಾವಪ್ಪ ಮಾತು ಕೇಳುವುದು ಕಲಿತ ಕತೆ

ನಮ್ಮ ದೊಡ್ಡವ್ವ ಮಧ್ಯಾಹ್ನ ರಾಟೆ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಾ ಕತೆ ಹೇಳುತ್ತಿದ್ದಳು. ನಾವು ‘ಹೂಂ’ ಅನ್ನಬೇಕು. ಅನ್ನದಿದ್ದರೆ ರಾಟೆಯೂ ನಿಲ್ಲುತ್ತಿತ್ತು, ಕತೆಯೂ ನಿಲ್ಲುತ್ತಿತ್ತು. ಈಗ ಆ ಓಣಿಯಲ್ಲಿ ರಾಟೆಯ ಸಪ್ಪಳವಿಲ್ಲ. ಇರಲಿ, ಕತೆ ಕೇಳಿ.

ನೇಕಾರರ ಓಣಿಯಲ್ಲಿ ನೀಲವ್ವ ಅಂತ ಒಬ್ಬಳು. ಅವಳಿಗೆ ದ್ಯಾವಪ್ಪ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ನೂಲಿಗೆ ಬಣ್ಣ ಹಾಕುವ ತೋಪಣ್ಣನ ಹತ್ತಿರ ಕೆಲಸ. ಆ ಕೆಲಸ ಹೋದರೆ ತಾಯಿ ಮಗ ಇಬ್ಬರಿಗೂ ರೊಟ್ಟಿಯಿಲ್ಲ. ತೋಪಣ್ಣ ಮಾತಾಡಿದರೆ ಇವನು ಸೂರಿನ ಗುಬ್ಬಿ ನೋಡುತ್ತಿದ್ದ.

“ನಿನ್ನ ಮಗ ನನ್ನ ಮಾತ ಕೇಳಂಗಿಲ್ಲ!” ಅಂತ ತೋಪಣ್ಣ ದೂರು ತಂದ.

“ಏ ಪೆದ್ದಾ, ಮಾಲಕರು ಮಾತಾಡಿದ್ರ ಹೂಂ ಅನ್ನಬೇಕು!” ಅಂದಳು ನೀಲವ್ವ.

“ಹೂಂ ಯವ್ವಾ!”

ಮರುದಿನ ತೋಪಣ್ಣ ಕೇಳಿದ, “ಕೆಂಪು ನೂಲು ಒಣಗೇತೇನೋ?”

“ಹೂಂ!”

“ಬಿಳಿ ನೂಲಿನ ಕೂಡ ಗಂಟು ಕಟ್ಟಲ್ಯಾ?”

“ಹೂಂ!”

ನೂಲು ಇನ್ನೂ ಹಸಿ. ಬಿಳಿಯದಕ್ಕೆಲ್ಲ ಕೆಂಪು ಹತ್ತಿತು. ತೋಪಣ್ಣ ಅವನನ್ನು ಮನೆತನಕ ಅಟ್ಟಿಸಿಕೊಂಡು ಬಂದ.

ನೀಲವ್ವ ಹಣೆ ಚಚ್ಚಿಕೊಂಡಳು. “ನಡುವ ಬಾಯಿ ಹಾಕಬ್ಯಾಡೋ! ಮಾರಿ ನೋಡ್ಕೋತ ನಿಂದ್ರು. ಮಾತು ಮುಗಿದ ಮ್ಯಾಲೆ ಮಾತಾಡು!”

ಮರುದಿನ ತೋಪಣ್ಣ ಬಣ್ಣದ ಬಾನಿಯಿಂದ ಕೈ ತೆಗೆದು, ಒರೆಸಿಕೊಳ್ಳುವುದು ಮರೆತು, ತನ್ನ ಅಜ್ಜನ ಕಾಲದ ಬಣ್ಣದ ಮಾತು ಶುರುಮಾಡಿದ. ಹೇಳುತ್ತಾ ಹೇಳುತ್ತಾ ಬಿಳಿ ಮೀಸೆ ತಿರುವಿದ. ದ್ಯಾವಪ್ಪ ಕಣ್ಣು ಮಿಟುಕಿಸದೆ ನೋಡಿದ. ಮಾತು ಮುಗಿಯಿತು.

“ಮಾಲಕರ, ನಿಮ್ಮ ಮೀಸಿ ಕೆಂಪಾಗೇತ್ರೀ!”

ಮರುದಿನವೇ ತೋಪಣ್ಣನ ಮನೆಗೆ ಹೊಸ ಬೀಗರು ಊಟಕ್ಕೆ ಬರುವವರು! ಎಷ್ಟು ಉಜ್ಜಿದರೂ ಮೀಸೆ ಗುಲಾಬಿ ಬಣ್ಣಕ್ಕೆ ನಿಂತಿತು.

“ಕಾಯೋದ್ಯಾಕೋ ಹುಚ್ಚಪ್ಪಾ! ಮಾತು ಕಿವಿಗೆ ಬಿದ್ದ ಕೂಡಲೆ ಹಂಗ ಮಾಡು!” ಅಂದಳು ನೀಲವ್ವ.

ಬೀಗರ ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ದ್ಯಾವಪ್ಪನೇ ನಿಂತ. ಬೀಗರು ಎಲೆಗೆ ಕೈ ಅಡ್ಡ ಹಿಡಿದು “ಸಾಕ್ರೀ” ಅಂದರು. ಅಂದದ್ದೇ ತಡ, ಇವನು ಬುಟ್ಟಿ ಎತ್ತಿಕೊಂಡು ಒಳಗೆ ಹೋದ. ಬೀಗರು ಒಂದೊಂದೇ ಹೋಳಿಗೆ ಉಂಡು, ಮುಖ ಸಣ್ಣ ಮಾಡಿಕೊಂಡು ಎದ್ದರು.

ಸಂಜೆ ಸುದ್ದಿ ತಿಳಿದು ನೀಲವ್ವ ಬೈಯಲಿಲ್ಲ. ಅತ್ತಳು. “ಸಾಕು ಅಂದ್ರ ಸಾಕಲ್ಲೋ ಮಗನ, ಬ್ಯಾಡ ಅಂದ್ರ ಬ್ಯಾಡಲ್ಲ. ನಾನೂ ದಿನಾ ‘ನಂದು ಉಂಡಾತು, ನೀ ಉಣ್ಣು’ ಅಂತೀನಿ. ಒಂದಿನಾನೂ ಉಂಡಿರಂಗಿಲ್ಲ.”

ದ್ಯಾವಪ್ಪ ಕೈಯಲ್ಲಿದ್ದ ರೊಟ್ಟಿ ನೋಡಿದ. ಮುರಿದು ತಾಯಿಯ ಬಾಯಿಗಿಟ್ಟ. ಅವಳು “ಬ್ಯಾಡೋ” ಅಂದಳು. ಇನ್ನೊಂದು ತುತ್ತಿಟ್ಟ. ಕತೆ ಇಲ್ಲಿಗೆ ಬಂದಾಗ ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಾಕೆಂದು ಆಗ ನಮಗೆ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ತೋಪಣ್ಣ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದ, “ನಾಳಿಂದ ಕೆಲಸಕ್ಕ ಬರಬ್ಯಾಡ! ಬ್ಯಾಡಂದ್ರ ಬ್ಯಾಡ!”

ಬೆಳಗ್ಗೆ ತೋಪಣ್ಣ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ದ್ಯಾವಪ್ಪ! ತಲೆಯ ಮೇಲೆ ಹಾಸಿಗೆ ಸುರುಳಿ, ಕಂಕುಳಲ್ಲಿ ಬೆಕ್ಕು, ಬೆನ್ನ ಮೇಲೆ “ಬ್ಯಾಡೋ, ಬ್ಯಾಡೋ” ಅಂತ ಚೀರುತ್ತಿರುವ ತಾಯಿ.

“ಏನೋ ಇದು!”

“ಬೀಗರು ಒಂದ ಸಲ ಸಾಕು ಅಂದಿದ್ರು. ನೀವು ಮೂರು ಸಲ ಬ್ಯಾಡ ಅಂದ್ರಿ! ನನ್ನ ಮ್ಯಾಲೆ ನಿಮಗ ಇಷ್ಟು ಜೀವ ಅಂತ ನನಗೇನ ಗೊತ್ತಿತ್ರೀ, ಮಾಲಕರ? ಅದಕ್ಕ ಮನೀನ ಖಾಲಿ ಮಾಡ್ಕೊಂಡು ಬಂದೇನ್ರೀ!”