ಊದುಗೊಳವೆ ಹೇಳಿದ ಕೊಳಲಿನ ಬಾಲ್ಯ

ಒಂದೇ ಬಿದಿರುಮೆಳೆಯಲ್ಲಿ ಬೆಳೆದ ಸೋದರಿಯರಲ್ಲಿ ತಂಗಿ ಕೊಳಲಾಗಿ ನಾಡಿಗೆಲ್ಲ ಹೆಸರಾದಳು. ಅಕ್ಕ ಊದುಗೊಳವೆಯಾಗಿ ಅಡುಗೆಮನೆ ಸೇರಿದಳು. ತಂಗಿ ಕಳಲೆಯಾಗಿದ್ದಾಗಲೇ ಹಾಡುತ್ತಿದ್ದಳೆಂಬ ಕಥೆ ಅಲ್ಲಿಗೂ ತಲುಪಿತ್ತು. ಎಲ್ಲರೂ ತನ್ನನ್ನು ‘ಕೊಳಲಿನ ಅಕ್ಕ’ ಎಂದೇ ಕರೆಯುವುದು ಸಾಕೆನಿಸಿ, ಊದುಗೊಳವೆ ಒಂದು ದಿನ ಪಾತ್ರೆಗಳ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿದಳು.

“ಅವಳು ಹಾಡುತ್ತಿರಲಿಲ್ಲ. ಗಾಳಿ ಬೀಸಿದಾಗ ನನ್ನಂತೆಯೇ ಕಿರುಗುಟ್ಟುತ್ತಿದ್ದಳು. ಕಾದ ಸಲಾಕೆಯಿಂದ ರಂಧ್ರ ಕೊರೆದ ಮೇಲೂ ಮೊದಮೊದಲು ಬರೀ ಉಸಿರು ಹೊರಡುತ್ತಿತ್ತು. ನಾನು ಅಲ್ಲೇ ಇದ್ದೆ.”

“ನಿಮ್ಮ ಮನಸ್ಸು ನೋಯದಿರಲೆಂದು ಕಿರುಗುಟ್ಟಿದ್ದಾಳೆ. ಎಂಥ ದೊಡ್ಡ ಗುಣ,” ಎಂದಿತು ಸೌಟು.

“ಅಷ್ಟು ವರ್ಷ ಪಕ್ಕದಲ್ಲೇ ಇದ್ದಿರಲ್ಲ ಅಕ್ಕಾ, ಒಂದು ಸ್ವರವನ್ನಾದರೂ ಕಲಿಯಬಾರದಿತ್ತೇ?” ಎಂದು ಉಪ್ಪಿನ ಜಾಡಿ ಕೇಳಿತು.

“ನನಗೆ ನನ್ನದೇ ಕೆಲಸವಿದೆ,” ಎಂದಳು ಊದುಗೊಳವೆ.

ಅಷ್ಟರಲ್ಲಿ ಮನೆಯಾಕೆ ಬಂದು, ಅವಳನ್ನು ಕೈಗೆತ್ತಿಕೊಂಡು ಒಲೆ ಊದಿದಳು. ಹಸಿ ಸೌದೆಯೂ ಹೊತ್ತಿಕೊಂಡಿತು. ಈಗಲಾದರೂ ತನ್ನನ್ನು ಗುರುತಿಸಿಯಾರೆಂದು ಊದುಗೊಳವೆ ಪಾತ್ರೆಗಳತ್ತ ನೋಡಿದಳು.

ಸೌಟು ಜಾಡಿಗೆ ಹೇಳುತ್ತಿತ್ತು: “ಕೇಳಿಸಿತೇ? ಅಕ್ಕನ ಉಸಿರಿನಲ್ಲೂ ತಂಗಿಯದೇ ರಾಗ.”