ಈರಭದ್ರನ ಎಐ, ಅವ್ವನ ಖಾನಾವಳಿ

ಹೂಂ ಅನ್ನುವವರು ಹತ್ತಿರ ಬನ್ನಿ, ನಿದ್ದೆ ಬಂದವರು ಎದ್ದು ಹೋಗಿ. ಹೇಳುತ್ತೇನೆ.

ಖಾನಾವಳಿ ಸಾವಂತ್ರೆವ್ವನಿಗೆ ಒಬ್ಬನೇ ಮಗ, ಈರಭದ್ರ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಎದುರಿಗೆ ಹೊಸ ಹೋಟೆಲ್ ಬಂತು. ಅಲ್ಲಿ ಫೋನ್ ಒತ್ತಿದರೆ ಊಟ ಮನೆಗೆ! ಅವ್ವನ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಜಾರಿದರು.

"ಲೇ ಈರ್ಯಾ, ನಮಗೂ ಅಂಥಾದ್ದೊಂದು ಆ್ಯಪ್ ಮಾಡಲೇ! ನಿನಗಂತೂ ಬುದ್ಧಿ ಇಲ್ಲ. ಕೋಡ್ ಬರಿಯೂ ಎಐ ಅಂತ ಬಂದೈತಲ್ಲ, ಅದನ್ನ ಕೇಳು. ಕೊಟ್ಟಿದ್ದನ್ನ ಹಂಗಽ ಹಾಕು!"

ಹಾಕಿದ, ಹಾಗೇ ಹಾಕಿದ. ಎಐ ಕೋಡ್ ಬರೆದಿತ್ತು, ಅದರ ಹಿಂದೆ ಮುಂದೆ ಇವನ ಜೊತೆ ಮಾತೂ ಆಡಿತ್ತು. ಆ ಮಾತೂ ಆ್ಯಪಿನೊಳಗೆ ಹೋಯಿತು. ಹಳೇ ಗಿರಾಕಿ ಮಾಸ್ತರರು ರೊಟ್ಟಿಗೆ ಹಚ್ಚಿಕೊಳ್ಳಲು ಜುಣಕ ಕೇಳಿದರೆ ಫೋನು ಅಂದಿತು: 'ಭಲೇ, ಒಳ್ಳೆಯ ಪ್ರಶ್ನೆ ಕೇಳಿದಿರಿ! ಈ ಕೋಡನ್ನು ಒಮ್ಮೆ ಪರೀಕ್ಷಿಸಿ ನೋಡಿ!' ಜುಣಕ ಮಾತ್ರ ಬರಲಿಲ್ಲ.

"ಅಯ್ಯ ಪೆದ್ದಪ್ಪಾ! ಕಬ್ಬು ತಂದ್ರ ತುದಿ ಬುಡ ಕಡಿದು ನಡುವಿಂದಷ್ಟ ತಗೋಬೇಕಲೇ!"

"ಆತಬೇ ಯವ್ವಾ, ಇನ್ನ ಹಂಗಽ ಮಾಡ್ತೀನಿ!"

ಮರುದಿನ ಎಐ ಪಾರ್ಸಲ್ ಚೀಟಿಯ ಕೋಡ್ ಬರೆಯಿತು. ಸರಿಯಾಗೇ ಬರೆಯಿತು. ಮೇಲೆ ಹೆಸರು, ನಡುವೆ ಊಟ, ಕೆಳಗೆ ವಿಳಾಸ. ಈರಭದ್ರ ತುದಿ ಕಡಿದ, ಬುಡ ಕಡಿದ. ಚೀಟಿಯಲ್ಲಿ ಉಳಿದದ್ದು 'ರೊಟ್ಟಿ, ಎಣ್ಣೆಗಾಯಿ'. ಯಾರಿಗೆ? ಎಲ್ಲಿಗೆ? ಸಾವಂತ್ರೆವ್ವ ಬುಟ್ಟಿ ಹೊತ್ತು ಓಣಿ ಓಣಿ ಸುತ್ತಿದಳು. ಬಿಸಿ ಊಟ ತಂಗಳಾಗಿ ವಾಪಸ್ ಬಂತು.

"ನಿನ್ನ ತಲಿ ಕಡದಿದ್ರೂ ಏನೂ ಕಮ್ಮಿ ಆಗ್ತಿರಲಿಲ್ಲ! ಏನರ ಮಾಡೂ ಮೊದಲ ಕೇಳಬೇಕಲೇ. ಕೇಳಿ, ಮತ್ತ ಕೇಳಿ, ಆಮ್ಯಾಲೆ ಮಾಡಬೇಕು!"

"ಆತಬೇ ಯವ್ವಾ, ಇನ್ನ ಹಂಗಽ ಮಾಡ್ತೀನಿ!"

ಎಐಗೂ ಅದನ್ನೇ ಹೇಳಿದ. ಅದೂ ಇವನಂಥದೇ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಪ್ರಾಣಿ. ಆ್ಯಪ್ ಗಿರಾಕಿಗಳನ್ನು ಕೇಳತೊಡಗಿತು: 'ರೊಟ್ಟಿ ಬೇಕೇ? ಖರೇ ಬೇಕೇ? ವಿಚಾರ ಮಾಡಿದಿರಾ? ಮತ್ತೊಮ್ಮೆ ವಿಚಾರ ಮಾಡಿ!' ವಿಚಾರ ಮಾಡಿದ ಗಿರಾಕಿಗಳೆಲ್ಲ ಎದುರು ಹೋಟೆಲಿಗೆ ನಡೆದರು. ಉಳಿದವರು ಮಾಸ್ತರರೊಬ್ಬರೇ.

ಸಾವಂತ್ರೆವ್ವ ಅತ್ತೇಬಿಟ್ಟಳು. "ಒಲಿ ಆರಿಸೂ ಹೊತ್ತು ಬಂತಲ್ಲೋ! ಹಸದವರನ್ನ ಹಂಗ ಕೇಳಬಾರದಪ್ಪಾ, ಉಪಚಾರ ಮಾಡಬೇಕು. ಬ್ಯಾಡ ಬ್ಯಾಡ ಅಂದ್ರೂ ಮತ್ತೊಂದ ರೊಟ್ಟಿ ನೀಡಬೇಕು!"

"ಆತಬೇ ಯವ್ವಾ!"

ಎಐ ಹಾಗೇ ಕೋಡ್ ಬರೆಯಿತು. ಮಾಸ್ತರರು ಮನೆಯಲ್ಲಿ ಉಂಡು ತೇಗಿದರು. ಫೋನು 'ಇನ್ನೊಂದು ರೊಟ್ಟಿ?' ಅಂದಿತು, 'ಬೇಡ' ಒತ್ತಿದರು. ಒಂದು ರೊಟ್ಟಿ ಬಂತು. ಮತ್ತೆ 'ಬೇಡ' ಒತ್ತಿದರು. ಮತ್ತೊಂದು ಬಂತು. ಸಿಟ್ಟಿಗೆದ್ದು ಒತ್ತಿದರು, ಒತ್ತೇ ಒತ್ತಿದರು. ರೊಟ್ಟಿ ಹೊತ್ತು ಈರಭದ್ರ ಓಡಿದ, ಓಡೇ ಓಡಿದ! ಕಡೆಗೆ ಮಾಸ್ತರರು ಓಣಿಯವರನ್ನೆಲ್ಲ ಕರೆದು ಕೂರಿಸಿದರು. ಎಲ್ಲರೂ ಉಂಡರು. "ಏನ ರುಚಿರೀ ಸಾವಂತ್ರೆವ್ವನ ಕೈ ಅಡಗಿ! ನಾಳಿಂದ ನಮ್ಮ ಊಟ ಅಲ್ಲೇ" ಅಂದರು.

ರೊಟ್ಟಿ ಬಡಿದು ಬಡಿದು ಸೊಂಟ ಹಿಡಿದುಕೊಂಡಿದ್ದ ಸಾವಂತ್ರೆವ್ವ, ಮರುದಿನ ಬಾಗಿಲು ತುಂಬಿದ ಗಿರಾಕಿಗಳನ್ನು ನೋಡಿ ನಕ್ಕಳು. "ಮಂದಿ ಬಂದ್ರು, ನಾ ಗೆದ್ದೆ! ಇನ್ನ ನಾನಽ ಬಾಯಿಲೆ ಕೇಳಿ ಕೈಲೆ ನೀಡ್ತೀನಿ. ನಿನ್ನ ಎಐ ನನಗ ಬ್ಯಾಡಪ್ಪಾ, ಬ್ಯಾಡ!"

ಈರಭದ್ರ ತಲೆದೂಗಿದ. ಅವ್ವ ಎರಡು ಸಲ ಬ್ಯಾಡ ಅಂದಳಲ್ಲ, ಹೆತ್ತವ್ವನಿಗೆ ಉಪಚಾರ ತಪ್ಪಿಸಲಾದೀತೇ? ಸಂಜೆಯೊಳಗೆ ಅಡುಗೆಮನೆಗೆ ಇನ್ನೆರಡು ಎಐ ತಂದು ಕೂರಿಸಿದ.